70 ದಾಟಿದ ಮೇಲೆ ತೋಟದ ಮನೆಯಲ್ಲೇ ಇರಬೇಕಾದರೆ ಏನೇನು ಬದಲಿಸಬೇಕು?

ಮುಳ್ಳೇರಿಯ ಮೇಷ್ಟ್ರು
ಎಲ್ಲರಿಗೂ ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ನಮಸ್ಕಾರ. ನನಗೀಗ 71, ಮನೆಯವಳಿಗೆ 67. ಮಗ ಬೆಂಗಳೂರಲ್ಲಿ, ಮಗಳು ಅಬುಧಾಬಿಯಲ್ಲಿ. ಇಬ್ಬರದ್ದೂ ಒಂದೇ ರಾಗ: ತೋಟ ಮಾರಿ, ಇಲ್ಲಿಗೆ ಬನ್ನಿ. ನಮಗಿಬ್ಬರಿಗೂ ಹೋಗುವ ಮನಸ್ಸಿಲ್ಲ. ಸದ್ಯಕ್ಕೆ ದೊಡ್ಡ ಕಾಯಿಲೆಯೂ ಇಲ್ಲ. ನನಗೆ ಸ್ವಲ್ಪ ಬಿಪಿ, ಅವಳಿಗೆ ಸಕ್ಕರೆ ಮತ್ತು ಮಂಡಿನೋವು. ಆದರೆ ಮನೆ ಇರುವುದು ಗುಡ್ಡದ ಬುಡದಲ್ಲಿ. ರಸ್ತೆಯಿಂದ ಅಂಗಳಕ್ಕೆ ಮುರಕಲ್ಲಿನ ಮೆಟ್ಟಿಲು, ಬಚ್ಚಲು ಕೊಟ್ಟಿಗೆಯ ಪಕ್ಕ, ಮಳೆಗಾಲದಲ್ಲಿ ಅಂಗಳವಿಡೀ ಪಾಚಿ.

ಹೋಗಬೇಕೋ ಇರಬೇಕೋ ಎಂದು ಕೇಳುತ್ತಿಲ್ಲ, ಅದು ತೀರ್ಮಾನ ಆಗಿದೆ. ಇನ್ನೊಂದು ಹದಿನೈದು ವರ್ಷ ಇಲ್ಲೇ ಇರಬೇಕಾದರೆ ಈಗಲೇ ಏನು ಬದಲಿಸಬೇಕು ಎಂಬುದಷ್ಟೇ ಪ್ರಶ್ನೆ. ಬೆಳಿಗ್ಗೆ ಎದ್ದು ಬಿಸಿನೀರಿಗೆ ಜೇನು ಹಾಕಿ ಕುಡಿಯಿರಿ ಎನ್ನುವವರು ದಯವಿಟ್ಟು ಮುಂದಿನ ಮನೆಗೆ ಹೋಗಿ.

ಅಡಿಕೆ ಅಂಗಳ (ಬೆಳ್ಳೂರು)
ಮೇಷ್ಟ್ರೇ, ಮೊದಲು ಪಾಚಿ. ಉಳಿದದ್ದೆಲ್ಲ ಆಮೇಲೆ. ನಮ್ಮ ಕಡೆ ಮುದುಕರು ಬಿದ್ದು ಸೊಂಟ ಮುರಿಯುವುದು ತೋಟದಲ್ಲಲ್ಲ, ಅಂಗಳ ಮತ್ತು ಬಚ್ಚಲಿನ ನಡುವೆ. ಹಿಂದೆಲ್ಲ ಮಳೆ ಹಿಡಿಯುವ ಮೊದಲು ಅಡಿಕೆ ಮರ ಸೀಳಿ ಅಂಗಳಕ್ಕೆ ಅಡ್ಡ ಹಾಸುತ್ತಿದ್ದರಲ್ಲ, ಈಗ ಇಂಟರ್‌ಲಾಕ್ ಹಾಕಿ ಆ ಅಭ್ಯಾಸ ಬಿಟ್ಟಿದ್ದಾರೆ. ಇಂಟರ್‌ಲಾಕ್ ನೋಡಲಿಕ್ಕೆ ಚಂದ, ಆಷಾಢದಲ್ಲಿ ಅದರಷ್ಟು ಜಾರುವುದು ಬೇರೊಂದಿಲ್ಲ. ಇಡೀ ಅಂಗಳ ತಿಕ್ಕಲಿಕ್ಕೆ ಹೋಗಬೇಡಿ, ಆಗುವ ಕೆಲಸವಲ್ಲ. ಬಾಗಿಲಿಂದ ಬಚ್ಚಲಿಗೆ, ಬಾಗಿಲಿಂದ ಮೆಟ್ಟಿಲಿಗೆ, ಎರಡು ದಾರಿ ಗುರುತು ಮಾಡಿ. ಆ ಎರಡಕ್ಕೆ ಮಾತ್ರ ಮಳೆ ಬಿಟ್ಟ ದಿನ ಬ್ಲೀಚಿಂಗ್ ಪೌಡರ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಗಟ್ಟಿ ಪೊರಕೆಯಲ್ಲಿ ತಿಕ್ಕಿಸಿ. ತಿಕ್ಕುವ ಕೆಲಸ ನೀವು ಮಾಡಬೇಡಿ, ಆಳು ಮಾಡಲಿ.

ಮೆಟ್ಟಿಲಿಗೆ ಒಂದು ಬದಿ ಹಿಡಿದುಕೊಳ್ಳಲು ಜಿಐ ಪೈಪಿನ ಕಂಬಿ ಹಾಕಿಸಿ. ಬರೀ ಮೇಲಿನ ತುದಿಗೆ ಸಾಲದು, ಕೊನೆಯ ಮೆಟ್ಟಿಲು ದಾಟಿ ಒಂದು ಹೆಜ್ಜೆ ಮುಂದಕ್ಕೂ ಬರಬೇಕು. ಜನ ಬೀಳುವುದು "ಮೆಟ್ಟಿಲು ಮುಗಿಯಿತು" ಎಂದು ಅಂದಾಜು ಮಾಡಿದ ಜಾಗದಲ್ಲಿ.

ಇನ್ನು ತೋಟ. ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಬಂದ ಮೇಲೆ ಮರ ಹತ್ತುವವನಿಗೆ ಕಾಯುವುದು ಕಮ್ಮಿಯಾಗಿದೆ, ಕೊಯ್ಲು ಮತ್ತು ಮದ್ದು ಬಿಡುವುದು ಎರಡೂ ನೆಲದಲ್ಲೇ ನಿಂತು ಆಗ್ತದೆ. ಆದರೆ 70ರಲ್ಲಿ ದೋಟಿ ನೀವು ಹಿಡಿಯಬೇಡಿ. ದಿನವಿಡೀ ಕತ್ತು ಮೇಲೆತ್ತಿ ನಿಂತರೆ ಸಂಜೆಗೆ ತಲೆ ತಿರುಗುತ್ತದೆ. ನೀವು ಲೆಕ್ಕ ಬರೆಯಿರಿ, ಒಣಗಲು ಹಾಕಿದ್ದನ್ನು ನೋಡಿ, ಸುಲಿಯುವಲ್ಲಿ ಕೂತುಕೊಳ್ಳಿ. ನನಗೆ 66, ಎರಡು ವರ್ಷದಿಂದ ನಾನೂ ಹಾಗೆಯೇ ಮಾಡುವುದು.

ಕುಂಬಳೆ ಫಿಸಿಯೊ
ಅಂಗಳದವರು ಹೇಳಿದ್ದು ನೂರಕ್ಕೆ ನೂರು. ನಾನು ಕಾಲಿನ ವಿಷಯ ಹೇಳುತ್ತೇನೆ.

ಮೇಷ್ಟ್ರೇ, ಕೈಯಿಲ್ಲದ ಗಟ್ಟಿ ಕುರ್ಚಿ ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಗೆ ಅಡ್ಡ ಕಟ್ಟಿ ಕೂತುಕೊಳ್ಳಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲು ಆಗುತ್ತದೆ ಎಂದು ಮನೆಯವರು ಎಣಿಸಲಿ. 70ರಿಂದ 74ರ ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲು ಸೋತಿದೆ ಎಂದರ್ಥ. 65ರಿಂದ 69ರ ಹೆಂಗಸರಿಗೆ ಗಡಿ 11. ಕೈ ಊರಿ ಎದ್ದರೆ ಅದು ಲೆಕ್ಕಕ್ಕಿಲ್ಲ.

ಎರಡನೆಯದು: ಅದೇ ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ, ವಾಪಸ್ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ.

ಮೂರನೆಯದು: ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿ, ಒಂದೇ ಗೆರೆಯಲ್ಲಿ 10 ಸೆಕೆಂಡ್ ನಿಲ್ಲಲು ಆಗಬೇಕು. ಪಕ್ಕದಲ್ಲಿ ಹಿಡಿಯಲು ಜನ ಇರಲಿ.

ಅಡಿಕೆ ಅಂಗಳ (ಬೆಳ್ಳೂರು)
ಇದೆಲ್ಲ ಪೇಟೆಯವರಿಗೆ ಸರಿ ಮಾರಾಯ್ರೆ. ದಿನಕ್ಕೆ ನಾಲ್ಕು ಸಲ ತೋಟ ಹತ್ತಿ ಇಳಿಯುವವನಿಗೆ ಕುರ್ಚಿ ವ್ಯಾಯಾಮ ಎಂತಕ್ಕೆ?

ಕುಂಬಳೆ ಫಿಸಿಯೊ
ಇದನ್ನೇ ನನ್ನಲ್ಲಿಗೆ ಬರುವ ಪ್ರತಿಯೊಬ್ಬ ಕೃಷಿಕರೂ ಕೇಳುತ್ತಾರೆ. ತೋಟಕ್ಕೆ ಹೋಗುವುದು ಒಳ್ಳೆಯದೇ, ಹೃದಯಕ್ಕೆ, ಸಕ್ಕರೆಗೆ ಅದು ಸಾಕು. ಆದರೆ ನಿಮ್ಮ ದಿನವನ್ನು ನೀವೇ ನೋಡಿ. 50ರಲ್ಲಿ ನೀವು ಗೊಬ್ಬರದ ಬುಟ್ಟಿ ಹೊರುತ್ತಿದ್ದಿರಿ, ನೀರಿನ ಕಣಿ ಹಾರುತ್ತಿದ್ದಿರಿ, ಕುಕ್ಕರುಗಾಲಲ್ಲಿ ಕೂತು ಅಡಿಕೆ ಹೆಕ್ಕುತ್ತಿದ್ದಿರಿ. ಈಗ ಬುಟ್ಟಿ ಆಳಿಗೆ, ಕಣಿಗೆ ಸಂಕ, ಹೆಕ್ಕಲು ಹೆಂಗಸರು. ಉಳಿದದ್ದು ನಡೆಯುವುದು ಮಾತ್ರ. ಭಾರ ಎತ್ತದ ಸ್ನಾಯು ಕರಗುತ್ತಲೇ ಹೋಗುತ್ತದೆ, 60 ದಾಟಿದ ಮೇಲೆ ಇನ್ನೂ ಬೇಗ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ ಸಾಲದು, ವಾರದಲ್ಲಿ 3 ದಿನವಾದರೂ ಸಮತೋಲನ ಮತ್ತು ಬಲದ ಅಭ್ಯಾಸ ಬೇಕು ಎನ್ನುತ್ತದೆ.

ಮಾಡಬೇಕಾದದ್ದು ಬಹಳ ಇಲ್ಲ. ಕುರ್ಚಿಯಿಂದ ನಿಧಾನ ಏಳುವುದು, ಅದಕ್ಕಿಂತ ನಿಧಾನ ಕೂರುವುದು. ಜಗಲಿಯ ಕಂಬ ಹಿಡಿದು ಹಿಮ್ಮಡಿ ಎತ್ತುವುದು. ಕೆಳಗಿನ ಒಂದೇ ಮೆಟ್ಟಿಲು ಹತ್ತಿ ಇಳಿಯುವುದು. ಸುಲಭವಾದ ಮೇಲೆ ಕೈಯಲ್ಲಿ ಎರಡು ಬಾಟಲಿ ನೀರು. ನಿಮ್ಮ ಮನೆಯವರಿಗೆ ಮಂಡಿನೋವು ಇದೆ ಎಂದಿರಿ, ಅವರಿಗೆ ಇದು ಇನ್ನೂ ಮುಖ್ಯ. ತೊಡೆಯ ಸ್ನಾಯು ಗಟ್ಟಿಯಾದಷ್ಟು ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ನೋವೆಂದು ಮಂಚ ಹಿಡಿದರೆ ಆರು ತಿಂಗಳಲ್ಲಿ ಎರಡು ಕೋಲು ಬೇಕಾದೀತು.

ಪೆರ್ಲದ ಸೊಸೆ
ಅತ್ತೆ ಮಾವ ಇಬ್ಬರನ್ನೂ ನೋಡಿಕೊಳ್ಳುವವಳು ನಾನು, ಆದ್ದರಿಂದ ಅಡುಗೆಮನೆಯ ಮಾತು.

ನಮ್ಮ ಕಡೆಯ ಹಿರಿಯರ ಊಟ ಗೊತ್ತಲ್ಲ. ರಾತ್ರಿ ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ, ಸುಟ್ಟ ಹಪ್ಪಳ. "ಹಗುರ, ವಯಸ್ಸಿಗೆ ಒಳ್ಳೆಯದು" ಎಂದು ಮಾವನ ವಾದ. ಹಗುರ ಹೌದು, ಆದರೆ ಅದರಲ್ಲಿ ಸ್ನಾಯುವಿಗೆ ಬೇಕಾದ ಪ್ರೋಟೀನ್ ಇಲ್ಲವೇ ಇಲ್ಲ ಎನ್ನುವಷ್ಟು ಕಮ್ಮಿ, ಉಪ್ಪು ಮಾತ್ರ ಧಾರಾಳ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚದಷ್ಟು ಇರಬೇಕಂತೆ. ಮಿಡಿ, ಹಪ್ಪಳ, ಮೇಲೋಗರ ಸೇರಿದರೆ ಒಂದೇ ಊಟಕ್ಕೆ ಅದು ಮುಗಿಯುತ್ತದೆ. ಬಿಪಿ ಮಾತ್ರೆಯ ಡೋಸ್ ಏರಿಸುತ್ತಾ ಹೋಗುವ ಮೊದಲು ಭರಣಿಯ ಕಡೆ ನೋಡಬೇಕು.

ಗಂಜಿ ಬಿಡಿಸಲು ನಾನು ಹೋಗಲಿಲ್ಲ, ಬಿಡಿಸಿದರೆ ಮನೆಯಲ್ಲಿ ಯುದ್ಧ. ಗಂಜಿಗೇ ಹೆಸರುಕಾಳು ಸೇರಿಸಿದೆ. ಮಧ್ಯಾಹ್ನ ಹುರುಳಿ ಸಾರು ಮಾಡುವಾಗ ಬರೀ ಕಟ್ಟು ಬಡಿಸದೆ ಕಾಳನ್ನೂ ಅರೆದು ಹಾಕುತ್ತೇನೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಹಿಂದೆ ಅದನ್ನೆಲ್ಲ ಹಸುವಿಗೆ ಇಡುತ್ತಿದ್ದೆವು! ಮಜ್ಜಿಗೆಯ ಬದಲು ಗಟ್ಟಿ ಮೊಸರು. ವಯಸ್ಸಾದವರಿಗೆ ದೇಹದ ತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂದು ನಮ್ಮ ಡಾಕ್ಟ್ರು ಹೇಳಿದ್ದು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಕೇಳಿಯೇ ಹೆಚ್ಚಿಸಬೇಕು. ಮೀನು ಮೊಟ್ಟೆ ತಿನ್ನುವ ಮನೆಯಾದರೆ ಇಷ್ಟೆಲ್ಲ ತಲೆಬಿಸಿ ಇಲ್ಲ.

ರಾತ್ರಿ ಬಚ್ಚಲಿಗೆ ಹೋಗುವ ಪ್ರಶ್ನೆಗೆ ಉತ್ತರ: ಮಲಗುವ ಕೋಣೆಗೆ ತಾಗಿ ಒಂದು ಶೌಚಾಲಯ ಕಟ್ಟಿಸಿಬಿಡಿ. ಹಣ ಬೇಕು, ಹೌದು. ಅದಾಗುವವರೆಗೆ ಬಚ್ಚಲಿನ ದಾರಿಗೆ ಸೆನ್ಸರ್ ಬಲ್ಬ್, ಹೊಸ್ತಿಲಿಗೆ ಹಳದಿ ಬಣ್ಣದ ಪಟ್ಟಿ.

ಉಪ್ಪಳ ಮದ್ದಿನಂಗಡಿ
ಫಾರ್ಮಸಿಸ್ಟ್ ಆಗಿ ದಿನಾ ನೋಡುವುದನ್ನು ಬರೆಯುತ್ತೇನೆ. ಹಿರಿಯರ ಒಂದು ಚೀಲದಲ್ಲಿ ಮೂರು ಡಾಕ್ಟರರ ಚೀಟಿ ಇರುತ್ತದೆ. ಕಾಸರಗೋಡಿನವರು ಬಿಪಿಗೆ ಕೊಟ್ಟದ್ದು, ಮಂಗಳೂರಿನವರು ಹೃದಯಕ್ಕೆ ಕೊಟ್ಟದ್ದು, ಊರಿನವರು ಮಂಡಿನೋವಿಗೆ ಕೊಟ್ಟದ್ದು. ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ. ಹೆಸರು ಬೇರೆ, ಒಳಗಿನ ಮದ್ದು ಒಂದೇ ಇರುವ ಎರಡು ಮಾತ್ರೆ ನುಂಗುವವರು ಎಷ್ಟೋ ಜನ. ವರ್ಷಕ್ಕೊಮ್ಮೆ ಇಡೀ ಚೀಲವನ್ನು, ಕಷಾಯ ಅರಿಷ್ಟ ಸಮೇತ, ಒಬ್ಬರೇ ಡಾಕ್ಟರರ ಮೇಜಿನ ಮೇಲೆ ಸುರಿದು "ಇದರಲ್ಲಿ ಯಾವುದು ಬೇಡ?" ಎಂದು ಕೇಳಿ.

ಮುಖ್ಯವಾಗಿ ಕೆಲವು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ಬಿಪಿ ಮಾತ್ರೆಯ ಜೊತೆ ದಿನಗಟ್ಟಲೆ ತಿನ್ನಬೇಡಿ, ಮೂತ್ರಪಿಂಡಕ್ಕೆ ಪೆಟ್ಟು. ನಿದ್ರೆ ಮಾತ್ರೆ ತಿಂದವರು ರಾತ್ರಿ ಎದ್ದಾಗ ಬೀಳುವ ಸಂಭವ ಹೆಚ್ಚು. ಶೀತಕ್ಕೆ ಕೊಡುವ ಹಳೇ ತೂಕಡಿಕೆ ಮಾತ್ರೆಗಳಿಂದ ಹಿರಿಯರಿಗೆ ಗಲಿಬಿಲಿ ಬರಬಹುದು, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಮೂತ್ರ ಕಟ್ಟಬಹುದು. ಮೂತ್ರ ಹೋಗಿಸುವ ಮಾತ್ರೆ ರಾತ್ರಿ ತೆಗೆದುಕೊಳ್ಳುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಿ.

ಮೇಷ್ಟ್ರ ಮನೆಯವರಿಗೆ ಸಕ್ಕರೆ ಎಂದರಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ ಬಿ12 ಇಳಿಯಬಹುದು. ಅದರ ಮೇಲೆ ಸಸ್ಯಾಹಾರಿಯೂ ಆಗಿದ್ದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಪಾದ ಜುಮುಜುಮು, ಮರೆವು, ನಡೆಯುವಾಗ ತೂರಾಟ, ಎಲ್ಲವನ್ನೂ "ಪ್ರಾಯ ಆಯ್ತಲ್ಲ" ಎಂದು ತಳ್ಳಿಹಾಕುವವರಲ್ಲಿ ಕೆಲವರಿಗೆ ಇರುವುದು ಬರೀ ಬಿ12 ಕೊರತೆ.

ಇನ್ನೊಂದು. ಮಲಗಿದಲ್ಲಿಂದ ಎದ್ದು ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20 ಇಳಿದರೆ ಅದು ಡಾಕ್ಟರರಿಗೆ ಹೇಳಲೇಬೇಕಾದ ವಿಷಯ. ಕೂತಲ್ಲಿ ಮಾತ್ರ ಅಳೆದರೆ ಇದು ಗೊತ್ತೇ ಆಗುವುದಿಲ್ಲ.

ಮುಳ್ಳೇರಿಯ ಮೇಷ್ಟ್ರು
ಕುರ್ಚಿಯ ಪರೀಕ್ಷೆ ಮಾಡಿದೆ. ನನ್ನದು 11. ಅವಳದ್ದು 8, ಅದೂ ಕೊನೆಯ ಎರಡಕ್ಕೆ ಕೈ ಊರಿದ್ದು ನಾನು ನೋಡಿದ್ದೇನೆ, ಅವಳು ಒಪ್ಪುವುದಿಲ್ಲ. ಎಲ್ಲರಿಗೂ ಧನ್ಯವಾದ. ಬೇರೆ ಏನಾದರೂ ಬಿಟ್ಟುಹೋಯಿತೋ?

ನೀರ್ಚಾಲಿನ ಅಜ್ಜಿ
ಕಿವಿ ಬಿಟ್ಟುಹೋಯಿತು ಮೇಷ್ಟ್ರೇ. ನನಗೆ 78. ಇದನ್ನು ಮೊಬೈಲಿಗೆ ಹೇಳಿ ಬರೆಸುವುದು, ತಪ್ಪು ಬಂದರೆ ಮೊಬೈಲಿಗೆ ಬೈಯಿರಿ.

ಕಿವಿ ಕೇಳದವರನ್ನು ಮನೆಯವರು ಮೊದಲು ಗದರುತ್ತಾರೆ, ಆಮೇಲೆ ಮಾತಾಡಿಸುವುದನ್ನೇ ಬಿಡುತ್ತಾರೆ. ನಾನೂ ಮದುವೆ ಮನೆಯಲ್ಲಿ ಎಲ್ಲರ ಮುಖ ನೋಡಿ ನಗುತ್ತಾ ಕೂರುತ್ತಿದ್ದೆ, ಒಂದು ಶಬ್ದ ತಿಳಿಯುತ್ತಿರಲಿಲ್ಲ. ತಾಳಮದ್ದಳೆಗೆ ಹೋಗುವುದೂ ನಿಂತಿತ್ತು. ಅರ್ಥಧಾರಿಗಳ ಬಾಯಿ ಮಾತ್ರ ಅಲ್ಲಾಡುವುದನ್ನು ನೋಡಲು ಯಾರು ಹೋಗ್ತಾರೆ? ಕನ್ನಡಕ ಹಾಕಲಿಕ್ಕೆ ನಾಚಿಕೆ ಇಲ್ಲ, ಕಿವಿಗೆ ಮಿಷನ್ ಇಡಲಿಕ್ಕೆ ಎಂತ ನಾಚಿಕೆಯೋ! ಮೊಮ್ಮಗಳು ಬೆನ್ನು ಬಿದ್ದು ಮಾಡಿಸಿದಳು.

ಮೊದಲ ವಾರ ಅದನ್ನು ತೋಡಿಗೆ ಎಸೆಯುವ ಅಂತ ಇತ್ತು. ಒಗ್ಗರಣೆ ಸಿಡಿದರೆ ಪಟಾಕಿ, ಶೀಟಿನ ಮೇಲೆ ಮಳೆ ಬಿದ್ದರೆ ತಲೆಯೊಳಗೇ ಬಿದ್ದ ಹಾಗೆ. ಮಿಷನ್ ಕೊಟ್ಟವರು ಹೇಳಿದ ಕ್ರಮ ಇದು: ಮೊದಲು ಮನೆಯೊಳಗೆ ಒಬ್ಬರ ಜೊತೆ ಮಾತಾಡುವಾಗ ಮಾತ್ರ ಇಡಿ, ಆಮೇಲೆ ನಾಲ್ಕು ಜನ ಇರುವಲ್ಲಿ, ದೇವಸ್ಥಾನ ಮದುವೆ ಎಲ್ಲ ಕೊನೆಗೆ. ಹಾಗೇ ಮಾಡಿದೆ, ಅಭ್ಯಾಸ ಆಯ್ತು. ನಮ್ಮ ಮಳೆಗಾಲದ ತೇವಕ್ಕೆ ಅದು ಬೇಗ ಹಾಳಾಗುತ್ತದೆ. ರಾತ್ರಿ ಬ್ಯಾಟರಿಯ ಬಾಗಿಲು ತೆರೆದು, ಔಷಧಿ ಡಬ್ಬಿಯಲ್ಲಿ ಬರುವ ಆ ತೇವ ಹೀರುವ ಪೊಟ್ಟಣ ಹಾಕಿದ ಕರಡಿಗೆಯಲ್ಲಿ ಇಡಬೇಕು. ಈಗ ಕರ್ಣಪರ್ವ ಆದರೆ ಎದುರಿನ ಸಾಲಿನಲ್ಲಿ ನಾನೇ.

ಕುಂಬಳೆ ಫಿಸಿಯೊ
ಅಜ್ಜಿ ಹೇಳಿದ್ದು ಬರೀ ಕಿವಿಯ ವಿಷಯ ಅಲ್ಲ. ಲ್ಯಾನ್ಸೆಟ್ ಆಯೋಗದ 2024ರ ವರದಿ ಮರೆಗುಳಿ ಕಾಯಿಲೆಗೆ ಕಾರಣವಾಗುವ, ನಾವು ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿದೆ. ಕಿವಿ ಮಂದವಾಗುವುದು ಅದರಲ್ಲಿ ದೊಡ್ಡದರಲ್ಲೊಂದು. ಚಿಕಿತ್ಸೆ ಮಾಡಿಸದ ದೃಷ್ಟಿದೋಷ, ಬಿಪಿ, ಸಕ್ಕರೆ, ಒಂಟಿತನ ಎಲ್ಲ ಇದೆ. ಕಣ್ಣಿನ ಪೊರೆ ಬಂದವರು "ಬೇಸಿಗೆ ಕಳೆಯಲಿ" ಎಂದು ಮುಂದೂಡಬೇಡಿ, ಬೀಳುವುದಕ್ಕೂ ಅದೇ ಕಾರಣ.

ಬೆಂಗಳೂರಲ್ಲಿರುವ ಮಗ
ಮೇಷ್ಟ್ರ ಮಗ ನಾನಲ್ಲ, ಆದರೆ ಅವನ ಜಾಗದಲ್ಲೇ ಇರುವವನು. ಅಪ್ಪ ಅಮ್ಮ ಅಡೂರಿನ ಹತ್ತಿರ. ನಾವು ಮನೆಗೆ ನಾಲ್ಕು ಕ್ಯಾಮೆರಾ ಹಾಕಿಸಿದ್ದೇವೆ, ಮೊಬೈಲಲ್ಲಿ ನೋಡುತ್ತಿರುತ್ತೇನೆ. ಅಮ್ಮನಿಗೆ ಅದು ಇಷ್ಟವಿಲ್ಲ. ಬೇರೆ ಉಪಾಯ ಉಂಟೋ?

ನೀರ್ಚಾಲಿನ ಅಜ್ಜಿ
ಕ್ಯಾಮೆರಾ ಗೇಟಿಗೆ ಇರಲಿ ಮಗಾ, ಅಡುಗೆಮನೆಗೆ ಬೇಡ. ಅಮ್ಮ ಬಿದ್ದರೆ ನೀನು ಬೆಂಗಳೂರಿನಿಂದ ಎತ್ತುವುದಿಲ್ಲ. ಎತ್ತುವವರು ಪಕ್ಕದ ಮನೆಯವರು. ಅವರ ಜೊತೆ ನಿನ್ನ ಸಂಬಂಧ ಹೇಗಿದೆ, ಊರಿಗೆ ಬಂದಾಗ ಅವರ ಮನೆಗೆ ಹೋಗಿ ಒಂದು ಚಾ ಕುಡಿಯುತ್ತೀಯೋ?

ಬೆಂಗಳೂರಲ್ಲಿರುವ ಮಗ
ಸರಿಯಾಗಿ ಕೊಟ್ಟಿರಿ ಅಜ್ಜಿ.

ಗಡಿನಾಡಿಗ
ಎತ್ತುವವರ ಮಾತು ಬಂತಲ್ಲ, ಎತ್ತಿದ ಮೇಲೆ ಎಲ್ಲಿಗೆ ಎಂಬುದು ನಮ್ಮ ಜಿಲ್ಲೆಯ ಹಳೇ ಗೋಳು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಮುಳ್ಳೇರಿಯ, ಅಡೂರು ಕಡೆಯವರಿಗೆ ಇನ್ನೂ ಹೆಚ್ಚು. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳ ಪಾಡು ಏನಾಯಿತೆಂದು ಯಾರೂ ಮರೆತಿಲ್ಲ. ಪಾರ್ಶ್ವವಾಯು ಹೊಡೆದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಅವಧಿ ಲಕ್ಷಣ ಶುರುವಾದ ಹೊತ್ತಿನಿಂದ ಬರೀ ನಾಲ್ಕೂವರೆ ಗಂಟೆ, ಸ್ಕ್ಯಾನ್ ಕೂಡ ಅದರೊಳಗೇ ಆಗಬೇಕು. ಬಾಯಿ ಸೊಟ್ಟ, ಕೈ ಬಿದ್ದುಹೋಗುವುದು, ಮಾತು ತೊದಲುವುದು ಕಂಡರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ರಾತ್ರಿಯೂ ಸಿಟಿ ಸ್ಕ್ಯಾನ್ ಇರುವ, ಆ ಇಂಜೆಕ್ಷನ್ ಕೊಡುವ ಹತ್ತಿರದ ಆಸ್ಪತ್ರೆ ಯಾವುದು, ಯಾರ ಕಾರು, ಚಾಲಕ ಯಾರು, ಇದನ್ನು ಈಗಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ. ಆಂಬುಲೆನ್ಸ್ 108. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056. ಹಿರಿಯರ ಸಹಾಯವಾಣಿ 14567. ಮನಸ್ಸಿಗೆ ಭಾರವಾದಾಗ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಪೊಲೀಸ್ ಎಂದು ಹೇಳಿ ವಿಡಿಯೊ ಕರೆ ಮಾಡಿ ಹೆದರಿಸುವ ಕಳ್ಳರಿಗೆ ದುಡ್ಡು ಹೋಯಿತೆಂದರೆ ತಕ್ಷಣ 1930.

ಭಾಷೆಯ ಸಮಸ್ಯೆ. ನಮ್ಮ ಹಿರಿಯರಿಗೆ ಪೇಟೆಯ ಮಲಯಾಳ ಅಲ್ಪಸ್ವಲ್ಪ ಬರ್ತದೆ, ಆದರೆ "ಎದೆ ಹಿಂಡಿದ ಹಾಗೆ" ಎನ್ನುವುದನ್ನು ಅವಸರದಲ್ಲಿ ಮಲಯಾಳದಲ್ಲಿ ಹೇಳಲು ಬರುವುದಿಲ್ಲ. ತೆಂಕಣ ಜಿಲ್ಲೆಗಳಿಂದ ಬಂದ ಡಾಕ್ಟರರಿಗೆ ಕನ್ನಡವೂ ಇಲ್ಲ, ತುಳುವೂ ಇಲ್ಲ. ಅವರ ತಪ್ಪಲ್ಲ. ಕಾಯಿಲೆ, ಮಾತ್ರೆ, ಅಲರ್ಜಿ, ಹಿಂದೆ ಆದ ಆಪರೇಷನ್, ಮಕ್ಕಳ ನಂಬರ್ ಎಲ್ಲವನ್ನೂ ಇಂಗ್ಲಿಷ್‌ನಲ್ಲಿ ಒಂದೇ ಹಾಳೆಗೆ ಬರೆದು ಆಧಾರ್ ಕಾರ್ಡಿನ ಜೊತೆ ಇಡಿ.

ಕೇರಳದಲ್ಲಿ ಇರುವ ಲಾಭವನ್ನೂ ಬಳಸಿ ಮಾರಾಯ್ರೆ. ಬೈಯುವಾಗ ಮಾತ್ರ ನೆನಪಾಗುವುದಲ್ಲ ಸರಕಾರ. ಉಪಶಾಮಕ ಆರೈಕೆಗೆ (ಪ್ಯಾಲಿಯೇಟಿವ್ ಕೇರ್) ನೀತಿ ಮಾಡಿದ ಮೊದಲ ರಾಜ್ಯ ಇದು, 2008ರಲ್ಲಿ. ಹಾಸಿಗೆ ಹಿಡಿದವರ ಮನೆಗೆ ಪಂಚಾಯತ್ ಮೂಲಕ ನರ್ಸ್ ಬರುತ್ತಾರೆ, ಹುಣ್ಣು ತೊಳೆಯುತ್ತಾರೆ, ಟ್ಯೂಬ್ ಬದಲಿಸುತ್ತಾರೆ. ಆಶಾ ಕಾರ್ಯಕರ್ತೆಯ ಹತ್ತಿರ ಹೆಸರು ಕೊಟ್ಟರೆ ಸಾಕು. ನಗರಸಭೆಯ ವ್ಯಾಪ್ತಿಯಲ್ಲಿ ಇರುವ 65 ದಾಟಿದವರಿಗೆ ಸರಕಾರದ ವಯೋಮಿತ್ರಂ ಶಿಬಿರದಲ್ಲಿ ಮಾತ್ರೆ ಉಚಿತ.

ಕೊನೆಯದು ಹೆದ್ದಾರಿ. 66 ಆರು ಪಥ ಆದ ಮೇಲೆ ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಆಚೆ ಬದಿಯ ಅಂಗಡಿಗೆ ಹೋಗುವುದೇ ಒಂದು ಯಾತ್ರೆ. ಅಂಡರ್‌ಪಾಸ್ ದೂರ ಎಂದು ಕಾಂಕ್ರೀಟ್ ಗೋಡೆ ಹತ್ತಿ ಹಾರುವ ಹಿರಿಯರನ್ನು ಕಂಡಿದ್ದೇನೆ. ಬೇಡ, ಆಟೋ ಮಾಡಿ.

ಅಡಿಕೆ ಅಂಗಳ (ಬೆಳ್ಳೂರು)
ಯಾರೂ ವೀಳ್ಯದ ಸುದ್ದಿ ಎತ್ತಲಿಲ್ಲ ಎಂದು ಸಮಾಧಾನದಲ್ಲಿದ್ದೆ.

ಉಪ್ಪಳ ಮದ್ದಿನಂಗಡಿ
ಎತ್ತುತ್ತೇನೆ. ಹೊಗೆಸೊಪ್ಪು ಸೇರಿದ್ದು ಕ್ಯಾನ್ಸರ್ ತರುತ್ತದೆ ಎಂದು ಎಲ್ಲರಿಗೂ ಗೊತ್ತು. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಬೆಳೆಯುವುದು ನಿಮ್ಮ ಜೀವನ, ಜಗಿಯುವುದು ನಿಮ್ಮ ಆಯ್ಕೆ. ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ಬಿಳಿ ಮಚ್ಚೆ ಇದ್ದರೆ, ಹುಣ್ಣು ಎರಡು ಮೂರು ವಾರದಲ್ಲಿ ಮಾಗದಿದ್ದರೆ ತೋರಿಸಿ. ಅಷ್ಟು ಮಾಡಿ.

ಪೆರ್ಲದ ಸೊಸೆ
ವಕೀಲರು ಯಾರೂ ಇಲ್ಲವೆಂದು ಕಾಣುತ್ತದೆ, ನಾನೇ ಹೇಳುತ್ತೇನೆ. ಮಕ್ಕಳ ಹೆಸರಿಗೆ ಜಾಗ ದಾನಪತ್ರ ಮಾಡುವ ಹಿರಿಯರು "ಕೊನೆತನಕ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ಷರತ್ತು ಮುರಿದರೆ ಆ ವರ್ಗಾವಣೆಯನ್ನು ರದ್ದು ಮಾಡಿಸಲು ನ್ಯಾಯಮಂಡಳಿಗೆ ಹೋಗಬಹುದು. ಸೊಸೆಯೇ ಇದನ್ನು ಬರೆದದ್ದು ಎಂದು ಅತ್ತೆಗೆ ತೋರಿಸಬೇಕು.

ಮುಳ್ಳೇರಿಯ ಮೇಷ್ಟ್ರು
ಇಷ್ಟೊಂದು ಬರುತ್ತದೆಂದು ಎಣಿಸಿರಲಿಲ್ಲ. ಒಂದು ಮಾತು ನನ್ನ ಕಡೆಯಿಂದ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿ 2015ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡದ್ದು, ಇಲ್ಲೇ ಬದಿಯಡ್ಕದಲ್ಲಿ. ಮೇಷ್ಟ್ರೂ ಆಗಿದ್ದರು, ಕೃಷಿಕರೂ ಆಗಿದ್ದರು. ಅವರ ಹಾಗೆ ಬದುಕಿ ಎಂದು ಹೇಳುವುದು ಸುಲಭ, ಎಲ್ಲರ ಕೈಲೂ ಆಗದು. ಆದರೆ ನಿವೃತ್ತಿಯಾದ ನನ್ನ ಓರಗೆಯವರಲ್ಲಿ ಬೇಗ ಕುಗ್ಗಿದವರು ಕಾಯಿಲೆಯವರಲ್ಲ, ಬೆಳಿಗ್ಗೆ ಎದ್ದು ಹೋಗಲಿಕ್ಕೆ ಜಾಗವಿಲ್ಲದವರು. ನಾನು ಸಂಜೆ ಭಜನಾ ಮಂದಿರದಲ್ಲಿ ನಾಲ್ಕು ಮಕ್ಕಳಿಗೆ ಕನ್ನಡ ಓದಿಸುತ್ತೇನೆ. ಮಲಯಾಳ ಮಾಧ್ಯಮಕ್ಕೆ ಹೋಗುವ ಮಕ್ಕಳು, ಮನೆಮಾತು ಕನ್ನಡ. ಮಕ್ಕಳು ಕಾಯುತ್ತಾರೆ ಎಂದಾದರೆ ಮಂಡಿ ತಾನಾಗಿ ಏಳುತ್ತದೆ.

ಮೆಟ್ಟಿಲಿನ ಕಂಬಿಯ ಪೈಪಿಗೆ ವೆಲ್ಡರ್‌ಗೆ ಹೇಳಿಯಾಯಿತು. ಶೌಚಾಲಯ ಓಣಂ ಕಳೆದ ಮೇಲೆ, ಅಡಿಕೆ ಮಾರಿ. ಮೆಟ್ಟಿಲಿನ ಎತ್ತರ ಒಂದೊಂದು ಒಂದೊಂದು ಥರ ಇದೆ, ಅದನ್ನು ಸಮ ಮಾಡಬೇಕೋ ಅಥವಾ ಪಕ್ಕದಲ್ಲಿ ಇಳಿಜಾರು ಹಾಕಬೇಕೋ?

ಅಡಿಕೆ ಅಂಗಳ (ಬೆಳ್ಳೂರು)
ಇಳಿಜಾರು ಬೇಡ, ಮಳೆಗೆ ಅದು ಜಾರುಬಂಡೆ. ಮೆಟ್ಟಿಲೇ ಸಮ ಮಾಡಿಸಿ, ಆರು ಇಂಚು ದಾಟದ ಹಾಗೆ. ನಡುವೆ ಒಂದು ಕಡೆ ಕೂರಲು ಕಲ್ಲಿನ ಕಟ್ಟೆ. ನಮ್ಮ ಮೇಸ್ತ್ರಿ ಮುಂದಿನ ವಾರ ನಿಮ್ಮ ಕಡೆ ಬರಲಿಕ್ಕುಂಟು, ಅಳತೆ ತೆಗೆಯಲಿಕ್ಕೆ ಕಳಿಸುತ್ತೇನೆ. ಕಲ್ಲು ಮಾತ್ರ ನೀವು ತರಿಸಿಡಿ.